ಬಾಡಿಗೆಯ ಮನೆಯೂ ತಂತಿಗಳ ಜಾಲವೂ

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣವು ಒಂದು ಹೋಬಳಿಯ ಮುಖ್ಯಸ್ಥಳ. ಉಪಾಧ್ಯಾಯರು, ಬ್ಯಾಂಕಿನ ನೌಕರರು, ವರ್ಗವಾಗಿ ಬಂದ ಸರ್ಕಾರಿ ಅಧಿಕಾರಿಗಳು ಇಂಥ ಊರುಗಳಲ್ಲಿ ಬಾಡಿಗೆಯ ಮನೆ ಹಿಡಿದು, ಎರಡು ಮೂರು ವರ್ಷ ಸಂಸಾರ ನಡೆಯಿಸಿ, ಮುಂದಿನ ಊರಿಗೆ ಹೊರಡುವುದು ವಾಡಿಕೆ. ಇವರ ನಡುಮನೆಯನ್ನು ಹೊಕ್ಕವರ ಕಣ್ಣಿಗೆ ಮೊದಲು ಬೀಳುವುದು ತಂತಿಗಳ ಗೋಜಲು. ಟೆಲಿವಿಷನ್ನಿಗೆ ಒಂದು, ಅದರ ಪೆಟ್ಟಿಗೆಗೆ ಒಂದು, ಇಂಟರ್‌ನೆಟ್ಟಿಗೆ ಒಂದು, ಇನ್‌ವರ್ಟರಿಗೆ ಒಂದು, ಮೊಬೈಲು ಫೋನುಗಳಿಗೆ ಮೂರು ನಾಲ್ಕು. ಕಿಟಕಿಯ ಸಂದಿನಿಂದ ಒಳಹೊಕ್ಕ ತಂತಿಯು ಬಾಗಿಲಿನ ಮೇಲೆ ಹತ್ತಿ, ಗೋಡೆಯ ಮೇಲೆ ಜೋತು, ನೆಲದ ಮೇಲೆ ಹರಿದು ಕಾಲಿಗೆ ತೊಡರುತ್ತದೆ.

ಗೃಹಿಣಿಯರು ಇದನ್ನು ಕಂಡು ಬೇಸರಪಡುವುದು ಸಹಜವೇ. ಇದನ್ನು ಮರೆಮಾಡೋಣವೆಂದರೆ ಮನೆಯ ಯಜಮಾನರು ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಗೊಡರು. ಆಗ ಉಳಿಯುವ ಉಪಾಯವೇನು? ತಂತಿಯನ್ನು ಜಮಖಾನೆಯ ಅಡಿಗೆ ತಳ್ಳುವುದು, ಸೋಫಾದ ಹಿಂದಕ್ಕೆ ತುರುಕುವುದು, ಪರದೆಯೊಳಗೆ ಸುತ್ತಿಡುವುದು. ಕಣ್ಣಿಗೆ ಅಂದವಾಯಿತು, ಅಪಾಯವು ಅಲ್ಲಿಯೇ ಬೆಳೆಯಿತು. ಇದು ಹೆಂಗಸರ ಒಪ್ಪ ಓರಣದ ಮಾತು, ದಿನಪತ್ರಿಕೆಯು ಬರೆಯತಕ್ಕ ವಿಷಯವಲ್ಲವೆಂದು ನಕ್ಕುಬಿಡುವ ಮಹನೀಯರು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ನಮ್ಮ ಪ್ರಾರ್ಥನೆ.

ನಮ್ಮ ಹಿರಿಯರು ಮನೆ ಕಟ್ಟುವಾಗ ಪ್ರತಿಯೊಂದು ವಸ್ತುವಿಗೂ ಒಂದು ಸ್ಥಳವನ್ನು ಮೊದಲೇ ನೇಮಿಸುತ್ತಿದ್ದರು. ದೀಪಕ್ಕೆ ಗೋಡೆಯಲ್ಲಿ ಗೂಡು, ಬಟ್ಟೆಗೆ ಗೂಟ, ಪಾತ್ರೆ ಪರಡಿಗಳಿಗೆ ನಾಗಂದಿಗೆ, ನೀರಿಗೆ ಬಚ್ಚಲು. ಎಣ್ಣೆಯ ದೀಪಕ್ಕೆ ದೊರೆತ ಈ ಮರ್ಯಾದೆಯು ವಿದ್ಯುತ್ತಿಗೆ ದೊರೆಯಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದುವು. ಬಹುಕಾಲದವರೆಗೆ ಒಂದು ಸಾಧಾರಣ ಮನೆಗೆ ಬೇಕಾಗಿದ್ದುದು ಕೋಣೆಗೊಂದು ದೀಪ, ಎಲ್ಲಿಯೋ ಒಂದು ಪಂಖ. ಇಂದಿನ ಸಂಸಾರಕ್ಕೆ ಬೇಕಾದ ಉಪಕರಣಗಳು ಹತ್ತು ಪಾಲು ಹೆಚ್ಚಿವೆ. ಆದರೂ ಬಾಡಿಗೆಗೆಂದೇ ಹೊಸದಾಗಿ ಕಟ್ಟಿದ ಎಷ್ಟೋ ಮನೆಗಳಲ್ಲಿ ಕೋಣೆಗೆ ಒಂದೇ ಪ್ಲಗ್ಗು. ಅದೂ ಬಾಗಿಲ ಮಗ್ಗುಲಲ್ಲಿ. ತಂತಿಗಳು ಮನೆಯೆಲ್ಲ ಹರಡಿಕೊಂಡಿರುವುದು ಬಾಡಿಗೆದಾರನ ಸೋಮಾರಿತನದಿಂದಲ್ಲ, ಕಟ್ಟಿದವರ ಜಿಪುಣತನದಿಂದ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಮುಚ್ಚಿದ ತಂತಿಯಿಂದ ಅಪಾಯವೇತಕ್ಕೆಂದು ಕೇಳಬಹುದು. ತಂತಿಯಲ್ಲಿ ಹುಟ್ಟುವ ಕಾವು ಅದರಲ್ಲಿ ಹರಿಯುವ ಪ್ರವಾಹದ ವರ್ಗದಂತೆ ಏರುತ್ತದೆ. ಪ್ರವಾಹವು ಎರಡರಷ್ಟಾದರೆ ಕಾವು ನಾಲ್ಕರಷ್ಟು. ಸಾಧಾರಣವಾದ ಚಿಕ್ಕ ಪ್ಲಗ್ಗಿನ ಶಕ್ತಿ 6 ಆಂಪಿಯರು. 230 ವೋಲ್ಟಿನಲ್ಲಿ ಅದು 1380 ವಾಟುಗಳಷ್ಟು ಹೊರೆಯನ್ನು ಮಾತ್ರ ಹೊರಬಲ್ಲದು. ನೀರು ಕಾಯಿಸುವ 1500 ವಾಟಿನ ಕೆಟಲು ಒಂದೇ ಈ ಮಿತಿಯನ್ನು ಮೀರುತ್ತದೆ. ಅದರೊಡನೆ 1000 ವಾಟಿನ ಇಸ್ತ್ರಿಪೆಟ್ಟಿಗೆಯನ್ನು ಅದೇ ಎಕ್ಸ್‌ಟೆನ್ಷನ್ ಹಲಗೆಗೆ ಸಿಕ್ಕಿಸಿದರೆ ಪ್ರವಾಹವು 11 ಆಂಪಿಯರಿಗೆ ಹತ್ತಿರವಾಗಿ, ಕಾವು ಮಿತಿಯ ಮೂರು ಪಾಲಿಗೂ ಮೀರುತ್ತದೆ. ಗಾಳಿಯಾಡುವೆಡೆಯಲ್ಲಿ ಇದ್ದರೆ ಈ ಕಾವು ಕೊಂಚವಾದರೂ ಹೊರಗೆ ಹೋದೀತು. ಜಮಖಾನೆಯ ಅಡಿಯಲ್ಲಿ, ಸುರುಳಿ ಸುತ್ತಿದ ಕಟ್ಟಿನಲ್ಲಿ, ಹಾಸಿಗೆಯ ಸಂದಿನಲ್ಲಿ ಎಲ್ಲಿಗೆ ಹೋಗಬೇಕು? ಮೇಲಿನ ಹೊದಿಕೆಯು ಮೆತ್ತಗಾಗಿ ಬಿರಿಯುವುದು ಯಾರ ಕಣ್ಣಿಗೂ ಬೀಳದು. ಮೊದಲು ತಿಳಿಯುವುದು ಮೂಗಿಗೆ.

ಆದುದರಿಂದ ನಾವು ಹೇಳುವ ಸೂತ್ರವು ಒಂದೇ: ತಂತಿಯನ್ನು ಮರೆಮಾಡಿರಿ, ಹೂಳಬೇಡಿರಿ. ಬೇಕೆಂದಾಗ ತೆರೆದು ನೋಡಲಾಗದಂತೆ ಯಾವುದನ್ನೂ ಮುಚ್ಚತಕ್ಕದ್ದಲ್ಲ.

ಇದಕ್ಕೆ ಮೊಳೆಯೂ ಬೇಡ, ಹೆಚ್ಚಿನ ಹಣವೂ ಬೇಡ. ಎಲೆಕ್ಟ್ರಿಕ್ ಸಾಮಾನಿನ ಅಂಗಡಿಗಳಲ್ಲಿ ದೊರೆಯುವ ಪ್ಲಾಸ್ಟಿಕ್ಕಿನ ಕೇಸಿಂಗ್ ಪಟ್ಟಿಯನ್ನು ಅಂಟುಪಟ್ಟಿಯಿಂದ ಗೋಡೆಯ ಬುಡದಲ್ಲಿ, ನೆಲದ ಅಂಚಿಗೆ ಹೊಂದಿಸಿ ಕೂರಿಸಬಹುದು. ಅದರ ಮುಚ್ಚಳವು ಬೇಕಾದಾಗ ಕಳಚುತ್ತದೆ. ಇಂಟರ್‌ನೆಟ್ಟಿನ ಮತ್ತು ಟೆಲಿವಿಷನ್ನಿನ ತಂತಿಗಳನ್ನು ವಿದ್ಯುತ್ತಿನ ತಂತಿಯಿಂದ ಬೇರೆಯಾದ ಪಟ್ಟಿಯಲ್ಲಿ ಒಯ್ಯತಕ್ಕದ್ದು. ಎಕ್ಸ್‌ಟೆನ್ಷನ್ ಹಲಗೆಯನ್ನು ಮರೆಮಾಡುವ ಪೆಟ್ಟಿಗೆಗೆ ಎರಡು ಕಡೆಯೂ ಗಾಳಿಯ ಕಂಡಿಗಳಿರಬೇಕು. ಉದ್ದ ಹೆಚ್ಚಾದ ತಂತಿಯನ್ನು ಬಿಗಿಯಾಗಿ ಸುತ್ತದೆ, ಬೇಕಾದಷ್ಟೇ ಉದ್ದದ್ದನ್ನು ತರುವುದು ಮೇಲು. ಇನ್ನೊಂದು ಎಚ್ಚರಿಕೆ: ಯಜಮಾನರ ಒಪ್ಪಿಗೆಯಿಂದ ಮೊಳೆ ಹೊಡೆಯುವುದಾದರೂ, ಸ್ವಿಚ್ಚು ಪ್ಲಗ್ಗುಗಳ ನೇರಕ್ಕೆ ಮೇಲೆ ಕೆಳಗೆ ಹೊಡೆಯತಕ್ಕದ್ದಲ್ಲ. ಗೋಡೆಯೊಳಗಿನ ತಂತಿಯ ದಾರಿಯು ಸಾಧಾರಣವಾಗಿ ಅದೇ.

ಇಷ್ಟು ಬಾಡಿಗೆದಾರರ ಪಾಲಿನ ಕರ್ತವ್ಯ. ಕಾಯಿದೆಯೂ ಇದನ್ನೇ ಹೇಳುತ್ತದೆ. 1882ನೆಯ ಇಸವಿಯ ಸ್ವತ್ತು ವರ್ಗಾವಣೆಯ ಕಾಯಿದೆಯ 108ನೆಯ ಪ್ರಕರಣದ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಬಾಡಿಗೆದಾರನು ತಾನು ಜೋಡಿಸಿದುದನ್ನು ಕಳಚಿಕೊಂಡು ಹೋಗಬಹುದು. ಆದರೆ ಮನೆಯನ್ನು ತಾನು ಪಡೆದ ಸ್ಥಿತಿಯಲ್ಲಿಯೇ ಬಿಟ್ಟುಕೊಡಬೇಕು. ಸಹಜವಾದ ಸವೆತಕ್ಕೆ ಅವನು ಹೊಣೆಯಲ್ಲ. ಕಳಚಬಹುದಾದ ಪಟ್ಟಿಯು ಈ ಎರಡು ಹಕ್ಕುಗಳನ್ನೂ ಕಾಪಾಡುತ್ತದೆ. ಮನೆಗೆ ಬಂದ ದಿನವೇ ಗೋಡೆಗಳ ಚಿತ್ರ ತೆಗೆದು ಯಜಮಾನರಿಗೂ ಒಂದು ಪ್ರತಿ ಕೊಟ್ಟರೆ, ಬಿಡುವ ದಿನ ಮುಂಗಡದ ಹಣದ ವಿಷಯದಲ್ಲಿ ಮಾತಿಗೆ ಮಾತು ಬೆಳೆಯದು.

ಆದರೆ ಹೆಚ್ಚಿನ ಭಾರವು ಯಜಮಾನರ ಮೇಲೆಯೇ ಇದೆ. ಲಕ್ಷಗಟ್ಟಲೆ ವೆಚ್ಚ ಮಾಡಿ ಮಹಡಿಯೆಬ್ಬಿಸುವವರು ಕೋಣೆಗೆ ಇನ್ನೆರಡು ಪ್ಲಗ್ಗು, ಮುಂದಿನ ಅಗತ್ಯಕ್ಕೆ ಗೋಡೆಯೊಳಗೆ ಒಂದು ಖಾಲಿ ಕೊಳವೆ, ಒಳ್ಳೆಯ ಅರ್ತಿಂಗು, 30 ಮಿಲಿ ಆಂಪಿಯರಿನ ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ ಆರ್‌ಸಿಸಿಬಿ, ಇಷ್ಟನ್ನು ಒದಗಿಸಲಾರರೆ? ಒಂದು ಬಿರುಕು ಬಿಟ್ಟ ತಂತಿಯಿಂದ ಅಪಾಯವಾದರೆ ಉರಿಯುವುದು ಯಾರ ಮನೆ? ಸಾಮಾನು ಬಾಡಿಗೆದಾರನದು; ಗೋಡೆಯೂ ಸೂರೂ ತಮ್ಮವೇ. ಗೋಡೆಯ ಸುಣ್ಣವು ಕೆಡಬಾರದೆಂದು ಮೊಳೆಯನ್ನು ತಡೆಯುವವರು ಮನೆಯೇ ಕೆಡುವ ಕಾರಣವನ್ನು ಗಮನಿಸದಿರುವುದು ವಿವೇಕವಲ್ಲ.

ತಂತಿಯ ಅಲಕ್ಷ್ಯವು ಎಂಥ ಬೆಲೆ ಕೇಳುತ್ತದೆಂಬುದನ್ನು ನಾಡು ಕಂಡಿದೆ. 2023ರ ನವೆಂಬರಿನಲ್ಲಿ ಬೆಂಗಳೂರಿನ ಕಾಡುಗೋಡಿಯ ಬಳಿ ಪಾದಚಾರಿ ಮಾರ್ಗದಲ್ಲಿ ಕಡಿದುಬಿದ್ದಿದ್ದ ತಂತಿಯನ್ನು ತುಳಿದು ಒಬ್ಬ ತಾಯಿಯೂ ಅವಳ ಹಸುಗೂಸೂ ಪ್ರಾಣ ಬಿಟ್ಟರು. ಬೀದಿಯ ತಂತಿಯ ಸಲುವಾಗಿ ನಾವೆಲ್ಲರೂ ಅಧಿಕಾರಿಗಳನ್ನು ಪ್ರಶ್ನಿಸಿದೆವು, ಪ್ರಶ್ನಿಸಬೇಕಾದುದೂ ನ್ಯಾಯವೇ. ಮನೆಯೊಳಗಿನ ತಂತಿಗೆ ಉತ್ತರ ಕೊಡಬೇಕಾದವರು ಇಬ್ಬರೇ: ಮನೆ ಕೊಟ್ಟವರು ಮತ್ತು ಹಿಡಿದವರು. ಮುಂದಿನ ಬಾಡಿಗೆಯ ಕರಾರನ್ನು ಬರೆಯುವಾಗ ಮುಂಗಡದ ಮೊತ್ತದ ಕೆಳಗೆ, ಪ್ಲಗ್ಗುಗಳ ಲೆಕ್ಕವನ್ನೂ ಪಟ್ಟಿ ಕೂರಿಸುವ ಒಪ್ಪಿಗೆಯನ್ನೂ ಒಂದು ಸಾಲಿನಲ್ಲಿ ಸೇರಿಸಿಕೊಳ್ಳುವಂತೆ ಉಭಯರಿಗೂ ನಮ್ಮ ಸೂಚನೆ.