ಓದುಗರ ಪಟ್ಟಿಗಳು ಮತ್ತು ಓದಲಾಗದ ಕಡತಗಳು

ಕನ್ನಡ ಸಾಹಿತ್ಯ ಚರಿತ್ರೆಯು ಇದುವರೆಗೆ ಬಹುಮಟ್ಟಿಗೆ ಬರೆದವರ ಚರಿತ್ರೆಯಾಗಿದೆ. 1907ರಲ್ಲಿ ಆರ್. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ಯ ಮೊದಲ ಸಂಪುಟ ಪ್ರಕಟವಾದಂದಿನಿಂದ ಯಾರು, ಯಾವಾಗ, ಏನನ್ನು ಬರೆದರು ಎಂಬ ಪ್ರಶ್ನೆಗಳಿಗೆ ನಾವು ಸಾಕಷ್ಟು ನಿಖರವಾದ ಉತ್ತರಗಳನ್ನು ಕಂಡುಕೊಂಡಿದ್ದೇವೆ. ಬರೆದುದನ್ನು ಯಾರು ಓದಿದರು, ಯಾವ ಕ್ರಮದಲ್ಲಿ ಓದಿದರು, ಒಂದು ಕೃತಿಯ ಪಕ್ಕದಲ್ಲಿ ಇನ್ನಾವ ಕೃತಿ ಅವರ ಕೈಯಲ್ಲಿತ್ತು ಎಂಬ ಪ್ರಶ್ನೆಗಳನ್ನು ಮಾತ್ರ ನಾವು ಗಂಭೀರವಾಗಿ ಎತ್ತಿಕೊಂಡಿಲ್ಲ. ಓದುಗನ ಬಗ್ಗೆ ನಮ್ಮ ವಿಮರ್ಶೆ ಸಾಕಷ್ಟು ಮಾತನಾಡಿದೆ, ನಿಜ. ಆದರೆ ಆ ಓದುಗ ‘ಸಹೃದಯ’ನೆಂಬ ಕಲ್ಪನೆಯೇ ಹೊರತು ಇಂಥ ಊರಿನಲ್ಲಿ ಇಂಥ ವರ್ಷ ಇಂಥ ಪುಸ್ತಕವನ್ನು ಎರವಲು ತಂದ ಮನುಷ್ಯನಲ್ಲ. ಆ ಮನುಷ್ಯನ ಬಗ್ಗೆ ತಿಳಿಯಲು ಇರುವ ಆಕರಗಳಲ್ಲಿ ಅತ್ಯಂತ ಸರಳವಾದುದು ಅವನೇ ಬರೆದಿಟ್ಟುಕೊಂಡ, ತಾನು ಓದಿದ ಪುಸ್ತಕಗಳ ಪಟ್ಟಿ. ಈ ಆಕರವು ನಮ್ಮ ಕಣ್ಣೆದುರಿಗೇ ನಷ್ಟವಾಗುತ್ತಿದೆ ಎಂಬುದನ್ನೂ, ಅದನ್ನು ಉಳಿಸಿಕೊಳ್ಳಲು ಬೇಕಾದ ಶಾಸ್ತ್ರ ಕನ್ನಡ ವಿಭಾಗಗಳಲ್ಲಿ ಈಗಾಗಲೇ ಇದೆ ಎಂಬುದನ್ನೂ ಹೇಳುವುದು ಈ ಬರಹದ ಉದ್ದೇಶ.

ಪಟ್ಟಿಯೆಂದರೆ ಅಲ್ಪವೆಂದು ಭಾವಿಸುವವರು ‘ಕವಿರಾಜಮಾರ್ಗ’ವನ್ನು ನೆನೆಯಬೇಕು. ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರನ್ನು ನಾವು ಬಲ್ಲೆವು. ಅವರ ಕನ್ನಡ ಕೃತಿಗಳಲ್ಲಿ ಒಂದೂ ನಮಗೆ ದೊರೆತಿಲ್ಲ. ಒಂಬತ್ತನೆಯ ಶತಮಾನದ ಓದುಗನೊಬ್ಬ ತನಗೆ ಪರಿಚಯವಿದ್ದ ಹೆಸರುಗಳನ್ನು ಸಾಲಾಗಿ ಹೇಳಿದನೆಂಬ ಒಂದೇ ಕಾರಣದಿಂದ ಅವರು ನಮ್ಮ ಚರಿತ್ರೆಯಲ್ಲಿ ಇದ್ದಾರೆ. ನಮ್ಮ ಕಾವ್ಯಗಳ ಆರಂಭದಲ್ಲಿ ಬರುವ ಪೂರ್ವಕವಿ ಸ್ತುತಿಯೂ ಒಂದು ಅರ್ಥದಲ್ಲಿ ಓದಿನ ಪಟ್ಟಿಯೇ. ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನನು ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದುದು ಓದುಗನಾಗಿಯೇ. ಪ್ರಾಚೀನ ಸಾಹಿತ್ಯದ ಮಟ್ಟಿಗೆ ಓದುಗನ ಸಾಕ್ಷ್ಯವನ್ನು ಇಷ್ಟೊಂದು ಆದರದಿಂದ ಬಳಸುವ ನಾವು ಆಧುನಿಕ ಕಾಲಕ್ಕೆ ಬಂದೊಡನೆ ಅದನ್ನು ಖಾಸಗಿ ಹವ್ಯಾಸವೆಂದು ಬದಿಗಿಡುವುದೇಕೆ?

ಆಧುನಿಕ ಪಟ್ಟಿಗಳ ಹುಟ್ಟು ಹಲವು ಬಗೆಯದು. ನಮ್ಮ ದೊಡ್ಡಮ್ಮನವರು ಹಾಲಿನವನ ಲೆಕ್ಕದ ಪುಸ್ತಕದ ಕೊನೆಯ ಪುಟಗಳಲ್ಲಿ ಕಾದಂಬರಿಗಳ ಹೆಸರು ಬರೆದಿಡುತ್ತಿದ್ದರು. ಅದಕ್ಕೆ ಸಾಹಿತ್ಯಾಸಕ್ತಿಗಿಂತ ಮಿತವ್ಯಯವೇ ಕಾರಣ. ಬೀದಿಯ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಾಡಿಗೆಗೆ ತರುವ ಪುಸ್ತಕವನ್ನು ಮರೆತು ಎರಡನೆಯ ಸಲ ತಂದರೆ ಕಾಸು ದಂಡ. ತ್ರಿವೇಣಿ, ಅ.ನ.ಕೃ., ಎಂ.ಕೆ. ಇಂದಿರಾ ಅವರ ಕಾದಂಬರಿಗಳ ನಡುವೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕೃತಿಗಳು ಯಾವ ಸಂಕೋಚವೂ ಇಲ್ಲದೆ ಕುಳಿತಿದ್ದವು. ಕೆಲವು ಹೆಸರುಗಳ ಮುಂದೆ ಒಂದು ಗುಣಾಕಾರ ಚಿಹ್ನೆ. ನಾಯಕಿ ಕೊನೆಯಲ್ಲಿ ಸಾಯುವ ಕಾದಂಬರಿಗಳಿಗೆ ಆ ಗುರುತು, ಮನೆಯ ಬೇರೆ ಹೆಂಗಸರು ಕೇಳಿದರೆ ಮೊದಲೇ ಎಚ್ಚರಿಸಲು. ನವೋದಯ, ಪ್ರಗತಿಶೀಲ, ನವ್ಯ ಎಂದು ನಾವು ತರಗತಿಯಲ್ಲಿ ಎಳೆಯುವ ಗೆರೆಗಳಲ್ಲಿ ಒಂದೂ ಆ ಪುಟಗಳಲ್ಲಿ ಕಾಣುವುದಿಲ್ಲ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇನ್ನೊಂದು ಪಟ್ಟಿಯ ಬಗ್ಗೆ. ನಿವೃತ್ತ ಪ್ರೌಢಶಾಲಾ ಅಧ್ಯಾಪಕರೊಬ್ಬರು ತೀರಿಕೊಂಡ ಮೇಲೆ ಅವರ ಮನೆಯವರು ಪುಸ್ತಕಗಳನ್ನು ನಮ್ಮ ವಿಭಾಗಕ್ಕೆ ಕೊಟ್ಟರು. ಜೊತೆಯಲ್ಲಿ ಒಂದು ಸಿ.ಡಿ. ಮತ್ತು ರಟ್ಟು ಹರಿದ ಒಂದು ನೋಟುಪುಸ್ತಕ ಬಂದವು. ಅವರು 1958ರಿಂದ ತಾವು ಓದಿದ ಪ್ರತಿಯೊಂದು ಪುಸ್ತಕವನ್ನೂ ದಾಖಲಿಸುತ್ತ ಬಂದಿದ್ದರು. ಒಟ್ಟು ನಾಲ್ಕು ನೋಟುಪುಸ್ತಕಗಳು. 2002ರಲ್ಲಿ ಮನೆಗೆ ಕಂಪ್ಯೂಟರು ಬಂದಾಗ ಎಲ್ಲವನ್ನೂ ಅದರಲ್ಲಿ ‘ಭದ್ರಪಡಿಸಲು’ ನಿರ್ಧರಿಸಿ ಎರಡು ವರ್ಷ ಕುಳಿತು ತಾವೇ ಬೆರಳಚ್ಚು ಮಾಡಿದರು. ಕೆಲಸ ಮುಗಿದ ಮೇಲೆ ಮೊದಲ ಮೂರು ನೋಟುಪುಸ್ತಕಗಳು ಹಳೆಯ ಪತ್ರಿಕೆಗಳೊಡನೆ ರದ್ದಿಗೆ ಹೋದವು. ನಾಲ್ಕನೆಯದು, ಇನ್ನೂ ಬಳಕೆಯಲ್ಲಿದ್ದುದರಿಂದ, ಉಳಿಯಿತು.

ಆ ಸಿ.ಡಿ.ಯ ಕಡತವನ್ನು ತೆರೆದಾಗ ಕಂಡದ್ದು ಕನ್ನಡವಲ್ಲ. ರೋಮನ್ ಅಕ್ಷರಗಳು, ನೆತ್ತಿಯ ಮೇಲೆ ಗೆರೆ ಹೊತ್ತ ಸ್ವರಗಳು, ಪೌಂಡು ನಾಣ್ಯದ ಚಿಹ್ನೆಗಳು. ಆ ಕಾಲದಲ್ಲಿ ಕನ್ನಡ ಬೆರಳಚ್ಚು ಮಾಡಿದ ಎಲ್ಲರಿಗೂ ಈ ದೃಶ್ಯ ಪರಿಚಿತ. 1998ರಲ್ಲಿ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದುದರಿಂದ ಕನ್ನಡಕ್ಕಾದ ಉಪಕಾರ ದೊಡ್ಡದು. ಅವು ಇಲ್ಲದಿದ್ದರೆ ಆ ಅಧ್ಯಾಪಕರು ಕೀಲಿಮಣೆಯ ಮುಂದೆ ಕೂರುತ್ತಲೇ ಇರಲಿಲ್ಲ. ಆದರೆ ಅಂದಿನ ಫಾಂಟುಗಳ ವ್ಯವಸ್ಥೆಯಲ್ಲಿ ಯಂತ್ರಕ್ಕೆ ಕನ್ನಡ ಅಕ್ಷರವೆಂಬುದೇ ತಿಳಿದಿರಲಿಲ್ಲ. ರೋಮನ್ ಲಿಪಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಲಾಗಿತ್ತು. ಫಾಂಟು ಇರುವ ತನಕ ಅದು ಕನ್ನಡ. ಫಾಂಟು ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು.

ಇದರ ಪರಿಣಾಮ ಓದಲಾಗದಿರುವುದಷ್ಟೇ ಅಲ್ಲ. ಆಗ ಬಹುಬಳಕೆಯಲ್ಲಿದ್ದ ಸಂಕೇತಕ್ರಮದಲ್ಲಿ ಅಕಾರವು ರೋಮನ್ ‘ಸಿ’ಯ ಸ್ಥಾನದಲ್ಲಿದ್ದರೆ ಯಕಾರದ ಮೊದಲ ತುಣುಕು ‘ಎ’ಯ ಸ್ಥಾನದಲ್ಲಿತ್ತು. ಹೀಗಾಗಿ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸೆಂದು ಯಂತ್ರಕ್ಕೆ ಹೇಳಿದರೆ ‘ಯಯಾತಿ’ಯೂ ‘ಯಶೋಧರ ಚರಿತೆ’ಯೂ ಅಕಾರದ ಪುಸ್ತಕಗಳಿಗಿಂತ ಮೊದಲು ಬಂದು ಕೂರುತ್ತಿದ್ದವು. ಮಕಾರ ವಕಾರಗಳಿಗೆ ಮೂಲ ತುಣುಕು ಒಂದೇ ಆದುದರಿಂದ ಅವೆರಡೂ ಬೆರೆತುಹೋಗುತ್ತಿದ್ದವು. ಅಧ್ಯಾಪಕರು ನಾಲ್ಕನೆಯ ನೋಟುಪುಸ್ತಕದ ಅಂಚಿನಲ್ಲಿ ಒಂದು ಕಡೆ, ಯಂತ್ರಕ್ಕೆ ವರ್ಣಮಾಲೆ ಕಲಿಸಿದವರಾರೋ ಎಂದು ಬೇಸರದಿಂದ ಬರೆದಿದ್ದಾರೆ. ನಲವತ್ತು ವರ್ಷ ಮಕ್ಕಳಿಗೆ ವರ್ಣಮಾಲೆ ಕಲಿಸಿದವರ ಬೇಸರ ಅದು.

ಪರಿವರ್ತಕ ತಂತ್ರಾಂಶದ ಮೂಲಕ ಕಡತದ ಬಹುಭಾಗ ಯೂನಿಕೋಡಿಗೆ ಬಂತು. ಸುಮಾರು ಎರಡು ಸಾವಿರ ಸಾಲುಗಳ ನಡುವೆ ಅಲ್ಲಲ್ಲಿ ವಿಚಿತ್ರವಾದ ಪದಗಳು ಉಳಿದವು. ಅವುಗಳಲ್ಲೊಂದು ‘ಇಒಒಂ’. ಬೇರಾವುದೋ ಫಾಂಟಿನ ಅವಶೇಷವೆಂದು ನಾನು ಕೈಬಿಟ್ಟಿದ್ದೆ. ನಮ್ಮ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಹಿಂದುಮುಂದಾಗಿ ಯೋಚಿಸಿದರು. ಹಳೆಯ ಕ್ರಮದಲ್ಲಿ ಇಕಾರಕ್ಕೆ ರೋಮನ್ ‘ಇ’, ಒಕಾರಕ್ಕೆ ‘ಎಂ’, ಅನುಸ್ವಾರಕ್ಕೆ ‘ಎ’. ಅಂದರೆ ಅಧ್ಯಾಪಕರು ಇಂಗ್ಲಿಷಿನಲ್ಲೇ, ದೊಡ್ಡ ಅಕ್ಷರಗಳಲ್ಲಿ, ಜೇನ್ ಆಸ್ಟಿನ್ನಳ ‘ಎಮ್ಮಾ’ ಎಂದು ಬರೆದಿದ್ದರು. ಇಂಗ್ಲಿಷನ್ನೂ ಕನ್ನಡವೆಂದೇ ತಿಳಿದ ಪರಿವರ್ತಕ ಅದನ್ನು ‘ಕನ್ನಡಿಸಿ’ಬಿಟ್ಟಿತ್ತು. ಹೀಗೆ ಬಿಡಿಸುತ್ತ ಹೋದಾಗ ಕನ್ನಡ ಪಂಡಿತರೆಂದೇ ಊರಿನಲ್ಲಿ ಹೆಸರಾಗಿದ್ದ ಅವರು ಅರವತ್ತರ ದಶಕದಲ್ಲಿ ಇಂಗ್ಲಿಷ್ ಕಾದಂಬರಿಗಳನ್ನು ಧಾರಾಳವಾಗಿ ಓದಿದ್ದರೆಂಬುದು ಹೊರಬಿತ್ತು. ಪರಿವರ್ತಿತ ಪ್ರತಿಯನ್ನಷ್ಟೇ ಇಟ್ಟುಕೊಂಡು ಮೂಲವನ್ನು ಅಳಿಸಿದ್ದರೆ, ಅಥವಾ ‘ಶುದ್ಧಗೊಳಿಸುವ’ ಉತ್ಸಾಹದಲ್ಲಿ ಆ ಸಾಲುಗಳನ್ನು ತೆಗೆದುಹಾಕಿದ್ದರೆ, ಈ ಸಂಗತಿ ನಮಗೆ ತಿಳಿಯುತ್ತಿರಲಿಲ್ಲ.

ಇದಕ್ಕಿಂತ ದೊಡ್ಡ ನಷ್ಟವೊಂದು ಬೆಳಕಿಗೆ ಬಂದುದು ಉಳಿದಿದ್ದ ನೋಟುಪುಸ್ತಕದಿಂದ. ಅದರಲ್ಲಿ ಮೂರು ಅಂಕಣಗಳಿವೆ: ಓದಿ ಮುಗಿಸಿದ ದಿನಾಂಕ, ಪುಸ್ತಕದ ಹೆಸರು, ಪುಸ್ತಕ ಬಂದ ಬಗೆ. ಈ ಮೂರನೆಯ ಅಂಕಣದಲ್ಲಿ ‘ಶಾಖಾ ಗ್ರಂಥಾಲಯ’, ‘ಹೆಡ್‌ಮಾಸ್ತರರಿಂದ ಎರವಲು’, ‘ಜಾತ್ರೆಯಲ್ಲಿ ಕೊಂಡದ್ದು’, ‘ವಾರಪತ್ರಿಕೆಯ ಧಾರಾವಾಹಿ, ಹೊಲಿಸಿದ್ದು’ ಎಂದು ಮುಂತಾಗಿ ವಿವರಗಳಿವೆ. ಕಡತದಲ್ಲಿ ಈ ಅಂಕಣವೇ ಇಲ್ಲ. ಒತ್ತಕ್ಷರ ಹುಡುಕಿ ಹುಡುಕಿ ಬೆರಳಚ್ಚು ಮಾಡಬೇಕಾಗಿದ್ದ ಎಪ್ಪತ್ತರ ಸಮೀಪದ ವ್ಯಕ್ತಿ ಅದನ್ನು ಅನಾವಶ್ಯಕವೆಂದು ಬಿಟ್ಟರು. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಅನಂತರ ಗ್ರಂಥಾಲಯದ ಪುಸ್ತಕ ಒಂದು ಸಣ್ಣ ಊರಿನ ಅಧ್ಯಾಪಕನ ಕೈಗೆ ಎಷ್ಟು ವರ್ಷಕ್ಕೆ ತಲುಪಿತು ಎಂಬುದನ್ನು ಆ ಅಂಕಣದಿಂದ ಹೇಳಬಹುದಾಗಿತ್ತು. ಯಂತ್ರದ ದಿನನಿತ್ಯದ ಕಿರಿಕಿರಿಯೆಂದು ನಾವು ನಕ್ಕು ಬಿಡುವುದು ಇಲ್ಲಿ ದಾಖಲೆಯ ಸ್ವರೂಪವನ್ನೇ ನಿರ್ಧರಿಸಿದೆ.

ಯೂನಿಕೋಡ್ ಬಂದ ಮೇಲೆ ಇವೆಲ್ಲ ಮುಗಿದ ಕಥೆಯೆಂಬ ವಾದವಿದೆ. ಅದು ಅರ್ಧ ನಿಜ. ಕನ್ನಡಕ್ಕೆ ತನ್ನದೇ ಆದ 128 ಸಂಕೇತಸ್ಥಾನಗಳು ದೊರೆತುದರಿಂದ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ. ಆದರೆ ಬರೆಯುವವರ ಕೈ? ಅರ್ಕಾವತ್ತಿನ ಕೀಲಿ ತಿಳಿಯದವರು ಒಂಬತ್ತರ ಅಂಕಿಯನ್ನು ಒತ್ತಿ ‘ಪರ್ವ’ವನ್ನು ‘ಪವ೯’ ಎಂದೂ ‘ಕರ್ವಾಲೊ’ವನ್ನು ‘ಕವಾ೯ಲೊ’ ಎಂದೂ ಬರೆಯುವುದು ಇಂದಿಗೂ ನಿಂತಿಲ್ಲ. ಅನುಸ್ವಾರದ ಬದಲು ಸೊನ್ನೆ ಹಾಕಿದ ‘ಸ೦ಸ್ಕಾರ’ವನ್ನಂತೂ ಕಣ್ಣು ಗುರುತಿಸುವುದೇ ಇಲ್ಲ; ಯಂತ್ರ ಮಾತ್ರ ‘ಸಂಸ್ಕಾರ’ವನ್ನು ಹುಡುಕಿ ಇಲ್ಲವೆನ್ನುತ್ತದೆ. ನನ್ನ ಫೋನಿನಲ್ಲಿರುವ ಪಟ್ಟಿಯಲ್ಲಿ ‘ವಂಶವೃಕ್ಷ’ ಎರಡು ಸಲ ಇದೆ, ಒಂದು ಅನುಸ್ವಾರದ್ದು, ಇನ್ನೊಂದು ಸೊನ್ನೆಯದು. ಎರಡನೆಯದು ಪುನರ್‌ವಾಚನವೆಂದು ಮುಂದಿನ ಸಂಶೋಧಕರು ತಿಳಿದರೆ ತಪ್ಪು ಅವರದಲ್ಲ.

ಇಂದಿನ ಓದುಗರಲ್ಲಿ ಅನೇಕರು ಹೆಸರನ್ನು ಬರೆಯುವುದನ್ನೂ ಬಿಟ್ಟು ಮುಖಪುಟದ ಚಿತ್ರ ತೆಗೆದಿಟ್ಟುಕೊಳ್ಳುತ್ತಾರೆ. ಫೋನು ತುಂಬಿತೆಂದು ಒಂದು ದಿನ ಮದುವೆಯ ಚಿತ್ರಗಳ ಜೊತೆ ಅವೂ ಅಳಿಯುತ್ತವೆ. ಪಟ್ಟಿ ಇಡುವ ಸೇವೆಗಳ ಆಯುಷ್ಯವೂ ಓದುಗನ ಆಯುಷ್ಯಕ್ಕಿಂತ ಕಡಿಮೆ: ಪುಸ್ತಕಪಟ್ಟಿಗೆಂದೇ 2006ರಲ್ಲಿ ಆರಂಭವಾದ ‘ಶೆಲ್ಫಾರಿ’ 2016ರಲ್ಲಿ ಮುಚ್ಚಿತು. ಹತ್ತು ವರ್ಷದ ಓದೆಂದರೆ ಅಧ್ಯಾಪಕರ ಲೆಕ್ಕದಲ್ಲಿ ಒಂದು ನೋಟುಪುಸ್ತಕವೂ ಪೂರ್ತಿ ಅಲ್ಲ.

ಈ ಎಲ್ಲ ದೋಷಗಳನ್ನು ನೋಡಿದಾಗ ಇವು ನಮಗೆ ಅಪರಿಚಿತವಲ್ಲವೆಂದು ಮನಗಾಣುವುದು ಕಷ್ಟವಲ್ಲ. ಲಿಪಿಸಾಮ್ಯದಿಂದಾದ ಸ್ಖಾಲಿತ್ಯ, ಕಣ್ತಪ್ಪು, ಕೈತಪ್ಪು, ಬಿಟ್ಟುಹೋದ ಪಂಕ್ತಿ, ತಿದ್ದುವ ಹುಮ್ಮಸ್ಸಿನಲ್ಲಿ ಕೆಡಿಸಿದ ಪಾಠ: ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದ ಯಾರಿಗೂ ಇವು ಹೊಸವಲ್ಲ. ಎಕಾರ ಏಕಾರಗಳ ದೀರ್ಘವನ್ನು ಗುರುತಿಸದ ಓಲೆಗರಿಯಲ್ಲಿ ಸರಿಯಾದ ಪಾಠವನ್ನು ನಿರ್ಣಯಿಸಬಲ್ಲವರಿಗೆ ಒಂಬತ್ತರ ಅಂಕಿ ಅರ್ಕಾವತ್ತೆಂದು ಗುರುತಿಸುವುದು ಎಷ್ಟರ ಕೆಲಸ? ನಾವು ಮಾತ್ರ ಇದನ್ನು ‘ಕಂಪ್ಯೂಟರಿನವರ’ ಕೆಲಸವೆಂದು ಅವರ ಕಡೆಗೆ ತಳ್ಳಿದ್ದೇವೆ. ಅವರಿಗೆ ಸಂಕೇತಕ್ರಮ ಗೊತ್ತು. ‘ಇಒಒಂ’ ಎಂಬುದು ಉಳಿಸಿಕೊಳ್ಳಬೇಕಾದ ಪಾಠವೆಂಬುದು ಗೊತ್ತಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಆಕ್ಷೇಪಣೆಗಳು ಇಲ್ಲದಿಲ್ಲ. ಪಟ್ಟಿಯಲ್ಲಿರುವುದೆಲ್ಲ ಓದಿದ್ದೆಂದು ನಂಬುವುದು ಹೇಗೆ? ಗೌರವಕ್ಕೆ ಕುಂದೆಂದು ಪತ್ತೇದಾರಿ ಕಾದಂಬರಿಗಳನ್ನು ಬಿಟ್ಟಿರಲಾರರೇ? ಬಿಟ್ಟಿರಬಹುದು. ನಮ್ಮ ಅಧ್ಯಾಪಕರ ಪಟ್ಟಿಯಲ್ಲಿ ನರಸಿಂಹಯ್ಯನವರು ಒಮ್ಮೆಯೂ ಬರುವುದಿಲ್ಲ, ಅವರ ಕಪಾಟಿನಲ್ಲಿ ಮಾತ್ರ ಮೂರು ಪ್ರತಿಗಳಿದ್ದವು. ಇದಕ್ಕಿಂತ ಗಂಭೀರವಾದ ಆಕ್ಷೇಪಣೆ ಬೇರೆಯಿದೆ. ಪಟ್ಟಿ ಬರೆಯುವವನು ಅಕ್ಷರಸ್ಥ, ಬಿಡುವುಳ್ಳವ, ಬಹುಪಾಲು ಸಂಬಳದ ಗಂಡಸು; ಕೇಳಿ ಕಲಿತವರ, ಇನ್ನೊಬ್ಬರಿಂದ ಓದಿಸಿಕೊಂಡವರ ಪಟ್ಟಿ ಯಾರ ಬಳಿಯೂ ಇಲ್ಲ. ಈ ಮಿತಿಯನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಹಾಲಿನ ಲೆಕ್ಕದ ಪುಸ್ತಕಗಳನ್ನೂ ಹುಡುಕಬೇಕೆಂದು ನಾನು ಹೇಳುವುದು ಅದಕ್ಕಾಗಿಯೇ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯು 1996ರಲ್ಲಿ ಆರಂಭಿಸಿದ ಓದಿನ ಅನುಭವಗಳ ದತ್ತಸಂಚಯವು ಪತ್ರ, ದಿನಚರಿಗಳಂಥ ಚದುರಿದ ಆಕರಗಳಿಂದಲೇ ಸಾಮಾನ್ಯ ಓದುಗರನ್ನು ಕಂಡುಕೊಂಡಿತು.

ಖಾಸಗಿ ಗ್ರಂಥಸಂಗ್ರಹಗಳನ್ನು ದಾನವಾಗಿ ಪಡೆಯುವ ವಿಭಾಗಗಳು ಪುಸ್ತಕಗಳಿಗೆ ಮೊಹರು ಹಾಕಿ ಕಪಾಟಿಗೇರಿಸುವ ಮುನ್ನ, ಮನೆಯವರನ್ನು ಪಟ್ಟಿಯ ಬಗ್ಗೆ ಕೇಳಬೇಕು, ಫ್ಲಾಪಿ, ಸಿ.ಡಿ., ಹಳೆಯ ಫೋನುಗಳನ್ನೂ ಕೇಳಬೇಕು. ಕಡತವನ್ನು ಪರಿವರ್ತಿಸಿದರೆ ಮೂಲವನ್ನು ಹಾಗೆಯೇ ಇಟ್ಟು, ಓಲೆಗರಿಯ ಪ್ರತಿಗೆ ಪರಿಚಯ ಬರೆಯುವಂತೆ ಯಾವ ಫಾಂಟು, ಯಾವ ವರ್ಷ, ಬೆರಳಚ್ಚು ಮಾಡಿದವರಾರು ಎಂದು ಬರೆದಿಡಬೇಕು. ಒಂದು ಪಟ್ಟಿಯ ಸಂಪಾದನೆ ಎಂ.ಫಿಲ್. ಪ್ರಬಂಧದ ಗಾತ್ರಕ್ಕೆ ಸರಿಯಾಗಿ ಒಗ್ಗುವ ವಿಷಯವಾಗಿತ್ತು, 2022ರ ಯು.ಜಿ.ಸಿ. ನಿಯಮಾವಳಿಯಲ್ಲಿ ಆ ಪದವಿಯೇ ಇಲ್ಲವಾಯಿತು. ಸ್ನಾತಕೋತ್ತರ ತರಗತಿಯ ಕಿರುಪ್ರಬಂಧಗಳಿಗಾದರೂ ಇದನ್ನು ಕೊಡಬಹುದು. ನಮ್ಮಲ್ಲಿ ಕೊಟ್ಟಿದ್ದೇವೆ.

ಅಧ್ಯಾಪಕರ ಕಡತದಲ್ಲಿ ಹನ್ನೊಂದು ಸಾಲುಗಳು ಇನ್ನೂ ಬಿಡಿಸಲಾಗದೆ ಉಳಿದಿವೆ. ಕಂಪ್ಯೂಟರು ದುರಸ್ತಿಗೆ ಹೋಗಿದ್ದಾಗ ಡಿ.ಟಿ.ಪಿ. ಅಂಗಡಿಯಲ್ಲಿ ಬೇರೊಂದು ಫಾಂಟಿನಲ್ಲಿ ಮಾಡಿಸಿದ್ದಿರಬೇಕೆಂದು ಅವರ ಮಗ ಹೇಳುತ್ತಾರೆ. ಆ ಅಂಗಡಿ ಈಗ ಇಲ್ಲ. ದಿನಾಂಕಗಳು ಮಾತ್ರ ಸ್ಪಷ್ಟವಾಗಿವೆ. ಹನ್ನೊಂದೂ 1974ರವು, ರದ್ದಿಗೆ ಹೋದ ಎರಡನೆಯ ನೋಟುಪುಸ್ತಕದವು.