ಐದು ತಲಾಂತು, ಐದು ಭತ್ತದ ಕಾಳು

ಚುನಾವಣೆ ಬಂತೆಂದರೆ ನಮ್ಮ ಆದೋನಿಯಲ್ಲಿ ಹತ್ತಿಯ ಧಾರಣೆಗಿಂತ ವೇದಿಕೆಯ ಮಾತೇ ಹೆಚ್ಚು ಏರಿಳಿಯುತ್ತದೆ. ಅಂಥ ಒಂದು ಸಭೆ ನಮಗಿನ್ನೂ ನೆನಪಿದೆ. ಪಕ್ಷ ಬಿಟ್ಟು ಹೋಗಿದ್ದ ನಾಯಕರೊಬ್ಬರು ಮರಳಿ ಬಂದಿದ್ದರು. ಹಿರಿಯ ಮುಖಂಡರು ಅವರ ಕೊರಳಿಗೆ ಹಾರ ಹಾಕಿ, "ತಪ್ಪಿಪೋಯಿನ ಕುಮಾರುಡು ಇಂಟಿಕಿ ವಚ್ಚಾಡು" ಎಂದು ತೆಲುಗಿನಲ್ಲಿ ಘೋಷಿಸಿದರು. ಚಪ್ಪಾಳೆಯೋ ಚಪ್ಪಾಳೆ. ನಮ್ಮ ಪಕ್ಕದಲ್ಲಿ ಕುಳಿತಿದ್ದ ಜಿನ್ನಿಂಗ್ ಮಿಲ್ಲಿನ ಗುಮಾಸ್ತರು ಮಾತ್ರ ಮೆಲ್ಲಗೆ, "ಸಾವುಕಾರ್ರೇ, ಇವರು ಹಂದಿ ಕಾಯ್ದದ್ದು ಯಾವಾಗ?" ಎಂದು ಕೇಳಿದರು. ಅವರು ಕ್ರೈಸ್ತರು. ಕಥೆ ಪೂರ್ತಿ ಬಲ್ಲವರು.

ಅದು ಲೂಕನ ಸುವಾರ್ತೆಯ ಕಥೆ. ಕಿರಿಯ ಮಗ ತನ್ನ ಪಾಲನ್ನು ತೆಗೆದುಕೊಂಡು ಪರದೇಶಕ್ಕೆ ಹೋಗಿ ಎಲ್ಲವನ್ನೂ ಕಳೆಯುತ್ತಾನೆ, ಹಂದಿ ಕಾಯುತ್ತಾನೆ, ಹಸಿದು ಮನೆಗೆ ಬರುತ್ತಾನೆ. ತಂದೆ ಓಡಿ ಹೋಗಿ ಅಪ್ಪಿಕೊಂಡು ಔತಣ ಮಾಡಿಸುತ್ತಾನೆ. ಭಾಷಣಕಾರರು ಇಲ್ಲಿಗೇ ನಿಲ್ಲಿಸುತ್ತಾರೆ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಇಷ್ಟು ವರ್ಷ ಹೊಲದಲ್ಲಿ ದುಡಿದ ಹಿರಿಯ ಮಗ, ತನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲವೆಂದು ಮುನಿದು ಹೊರಗೇ ನಿಲ್ಲುತ್ತಾನೆ. ತಂದೆ ಹೊರಗೆ ಬಂದು ಅವನನ್ನೂ ಬೇಡಿಕೊಳ್ಳುತ್ತಾನೆ. ಅಂದಿನ ಸಭೆಯಲ್ಲಿ ಬ್ಯಾನರ್ ಕಟ್ಟಿದ ಕಾರ್ಯಕರ್ತರನ್ನು ಬೇಡಿಕೊಳ್ಳಲು ಯಾರೂ ಬಂದದ್ದು ನಾವು ಕಾಣೆವು.

ಈ ಕಥೆಗಳು ನಮ್ಮ ಸೀಮೆಗೆ ಹೊಸವಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದರು. ಆಗ ನಮ್ಮೂರೂ ಬಳ್ಳಾರಿ ಜಿಲ್ಲೆಯದೇ. ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಕ್ರೈಸ್ತ ಬಂಧುಗಳು 'ಸಾಮ್ಯ' ಎನ್ನುವುದನ್ನು ನಾವು ದೃಷ್ಟಾಂತ ಎನ್ನುತ್ತೇವೆ.

ಕಥೆಯನ್ನು ಬೇಕಾದಷ್ಟೇ ಕತ್ತರಿಸಿಕೊಳ್ಳುವುದು ನಮ್ಮ ನಾಯಕರ ಚಾಳಿ ಮಾತ್ರವಲ್ಲ. ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ಎತ್ತಿ, ಛತ್ರದವನಿಗೆ ಹಣ ಕೊಟ್ಟು ಉಪಚರಿಸಿದ ಸಮಾರ್ಯದವನ ಕಥೆಯಿದೆಯಲ್ಲ, ಅದನ್ನು ಇಂಗ್ಲೆಂಡಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ 1980ರ ಜನವರಿಯಲ್ಲಿ ಟಿ.ವಿ. ಸಂದರ್ಶನವೊಂದರಲ್ಲಿ ಎತ್ತಿದರು. ಸದುದ್ದೇಶವಷ್ಟೇ ಇದ್ದಿದ್ದರೆ ಅವನನ್ನು ಯಾರೂ ನೆನೆಯುತ್ತಿರಲಿಲ್ಲ, ಅವನ ಬಳಿ ಹಣವೂ ಇತ್ತು ಎಂಬುದು ಅವರ ವಾದ. ವ್ಯಾಪಾರಿಗಳಾದ ನಮಗೆ ಈ ಮಾತು ಹಿತವಾಗಿಯೇ ಕೇಳುತ್ತದೆ. ಆದರೆ ಅವನಿಗಿಂತ ಮೊದಲು ಅದೇ ದಾರಿಯಲ್ಲಿ ಕಂಡೂ ಕಾಣದಂತೆ ಹೋದ ಯಾಜಕನೂ ಲೇವಿಯನೂ ಹಣವಿಲ್ಲದ್ದರಿಂದ ಹೋದರೆಂದು ಕಥೆ ಹೇಳುವುದಿಲ್ಲ.

ವ್ಯಾಪಾರಿಗಳ ಸಭೆಗೆ ಬಂದ ಮುಖಂಡರಿಗೆ ಬಹಳ ಪ್ರಿಯವಾದದ್ದು ತಲಾಂತಿನ ಕಥೆ. ತಲಾಂತು ಎಂದರೆ ದೊಡ್ಡ ಮೊತ್ತದ ಬೆಳ್ಳಿ. ಯಜಮಾನ ಪರದೇಶಕ್ಕೆ ಹೋಗುವಾಗ ಮೂವರು ಆಳುಗಳಿಗೆ ಐದು, ಎರಡು, ಒಂದು ತಲಾಂತು ಕೊಡುತ್ತಾನೆ. ಇಬ್ಬರು ವ್ಯಾಪಾರ ಮಾಡಿ ದುಪ್ಪಟ್ಟು ಮಾಡುತ್ತಾರೆ. ಮೂರನೆಯವನು ಹೆದರಿ ಹೂತಿಟ್ಟು, ಹಾಗೆಯೇ ಹಿಂದಿರುಗಿಸುತ್ತಾನೆ. ಅವನನ್ನು ಕತ್ತಲೆಗೆ ದಬ್ಬುತ್ತಾರೆ. "ನೋಡಿ, ಬಂಡವಾಳ ಹೂತಿಡುವವನಿಗೆ ಉಳಿಗಾಲವಿಲ್ಲ, ಹೂಡಿರಿ" ಎನ್ನುತ್ತಾರೆ ಮುಖಂಡರು.

ನಮ್ಮಲ್ಲೂ ಇಂಥದೇ ಕಥೆಗಳಿವೆ. ಶ್ವೇತಾಂಬರ ಆಗಮವಾದ ಉತ್ತರಾಧ್ಯಯನ ಸೂತ್ರದ ಏಳನೆಯ ಅಧ್ಯಯನದಲ್ಲಿ ಬಂಡವಾಳ ಹಿಡಿದು ಹೊರಟ ಮೂವರು ವರ್ತಕರಿದ್ದಾರೆ: ಒಬ್ಬ ಗಳಿಸಿದ, ಒಬ್ಬ ಅಸಲು ತಂದ, ಒಬ್ಬ ಕಳೆದ. ಆ ಗ್ರಂಥವನ್ನು 1895ರಲ್ಲಿ ಇಂಗ್ಲಿಷಿಗೆ ತಂದ ಜರ್ಮನ್ ವಿದ್ವಾಂಸ ಹರ್ಮನ್ ಯಾಕೋಬಿಯವರೂ ಈ ಹೋಲಿಕೆಯನ್ನು ಗುರುತಿಸಿದ್ದಾರೆ. ಜ್ಞಾತೃಧರ್ಮಕಥಾದಲ್ಲಂತೂ ರಾಜಗೃಹದ ಧನ್ಯ ಸಾರ್ಥವಾಹ ನಾಲ್ವರು ಸೊಸೆಯಂದಿರಿಗೆ ತಲಾ ಐದು ಭತ್ತದ ಕಾಳು ಕೊಟ್ಟು, ಐದನೆಯ ವರ್ಷ ಲೆಕ್ಕ ಕೇಳುತ್ತಾನೆ. ಉಜ್ಝಿಕೆ ಎಸೆದಿದ್ದಳು. ಭೋಗವತಿ ತಿಂದಿದ್ದಳು. ರಕ್ಷಿಕೆ ಬಟ್ಟೆಯಲ್ಲಿ ಕಟ್ಟಿ ಒಡವೆ ಪೆಟ್ಟಿಗೆಯಲ್ಲಿಟ್ಟಿದ್ದಳು. ರೋಹಿಣಿ ತವರಿನವರಿಂದ ಬಿತ್ತಿಸಿದ್ದಳು. ಫಸಲು ತರಲು ಬಂಡಿಗಳೇ ಬೇಕಾದವು.

ರೋಹಿಣಿಗೆ ಮನೆಯ ಯಜಮಾನಿಕೆ ಸಿಕ್ಕಿತು, ಸರಿ. ರಕ್ಷಿಕೆಗೆ? ಅವಳನ್ನು ಯಾರೂ ಕತ್ತಲೆಗೆ ದಬ್ಬಲಿಲ್ಲ. ಮಾವ ಅವಳ ಕೈಗೆ ಭಂಡಾರವನ್ನು ಒಪ್ಪಿಸಿದ. ಅಸಲು ತಂದ ವರ್ತಕನೂ ಮತ್ತೆ ಮನುಷ್ಯ ಜನ್ಮಕ್ಕೇ ಬರುತ್ತಾನೆ. ಎಷ್ಟಾದರೂ ಅಲ್ಲಿ ಕಾಳೆಂದರೆ ಪಂಚ ಮಹಾವ್ರತ, ಬಂಡವಾಳವೆಂದರೆ ಮನುಷ್ಯ ಜನ್ಮ. ತಲಾಂತಿನ ಕಥೆಯೂ ಬಡ್ಡಿ ಬಟವಾಡೆಯ ಪಾಠವಲ್ಲ, ದೇವರು ಕೊಟ್ಟದ್ದಕ್ಕೆ ಲೆಕ್ಕ ಒಪ್ಪಿಸುವ ಮಾತೆಂದು ಗುಮಾಸ್ತರು ನಮಗೆ ತಿಳಿಸಿಕೊಟ್ಟರು.

ಇಷ್ಟೆಲ್ಲ ಬರೆಯಲು ಕಾರಣವಿದೆ. ನಮ್ಮ ಪರಿಚಯದ ಮನೆಯೊಂದರ ಕಿರಿಯ ಮಗ "ಹೂತಿಟ್ಟ ಹಣ ಸತ್ತ ಹಣ" ಎನ್ನುತ್ತ ತಂದೆಯ ಬಂಡವಾಳವನ್ನು ಹತ್ತಿಯ ವಾಯಿದೆ ವ್ಯವಹಾರಕ್ಕೆ ಹಾಕಿದ. ಎರಡೇ ಹಂಗಾಮಿನಲ್ಲಿ ಎಲ್ಲ ಹೋಯಿತು, ಹುಡುಗ ಊರು ಬಿಟ್ಟ. ಅಂಗಡಿ ಉಳಿದದ್ದು ಹಿರಿಯ ಮಗನ ದುಡಿಮೆಯಿಂದ. ರೋಹಿಣಿಯ ಕಥೆಯನ್ನು ಆ ತಂದೆ ನಮಗಿಂತ ಚೆನ್ನಾಗಿ ಬಲ್ಲರು. ಆದರೆ ಎಸೆದವಳನ್ನು ಅಲ್ಲಿಯೂ ಮನೆಯಿಂದ ಹೊರಗೆ ಹಾಕಲಿಲ್ಲ, ಕಸ ಬೂದಿ ತೆಗೆಯುವ ಕೆಲಸ ಕೊಟ್ಟು ಒಳಗೇ ಇಟ್ಟುಕೊಂಡರು ಎಂದು ನಾವು ನೆನಪಿಸಿದಾಗ ಅವರು ಸುಮ್ಮನಾದರು. ಗುಮಾಸ್ತರ ಕಥೆಯನ್ನೂ ಹೇಳಿದೆವು. "ಆ ತಂದೆಗೆ ದೊಡ್ಡ ಮಗ ಏನಂದ? ಕೊನೆಗೆ ಒಳಗೆ ಬಂದನೋ?" ಎಂದರು. ಕಥೆ ಅದನ್ನು ಹೇಳುವುದಿಲ್ಲ ಎಂದೆವು.

ಕಳೆದ ಪರ್ಯೂಷಣದ ನಂತರ ಆ ಹುಡುಗನಿಂದ ಕ್ಷಮಾಪಣೆಯ ಪತ್ರ ಬಂದಿದೆ. ತಂದೆ ಅದನ್ನು ಹರಿಯಲಿಲ್ಲ, ಉತ್ತರವನ್ನೂ ಬರೆಯಲಿಲ್ಲ. ಗಲ್ಲಾಪೆಟ್ಟಿಗೆಯಲ್ಲಿ ರೋಕಡ ಪುಸ್ತಕದ ಕೆಳಗೆ ಇಟ್ಟಿದ್ದಾರೆ. ಪೆಟ್ಟಿಗೆಯ ಬೀಗದ ಕೈ ಈಗ ಹಿರಿಯ ಮಗನ ಬಳಿ ಇದೆ.