ಊರೋ, ಕೋಪರಖೈರಣೆಯೋ? ಹಿರಿಯರು ತೀರ್ಮಾನಿಸಲಿ

ಸಿಡ್ಕೋ 1970ರಲ್ಲಿ ಸ್ಥಾಪನೆಗೊಂಡು ನವಿಮುಂಬಯಿ ಬೆಳೆಯತೊಡಗಿದ ಮೇಲೆ ಹೊಟೇಲು, ಕಾರ್ಖಾನೆ, ಬ್ಯಾಂಕುಗಳಲ್ಲಿ ದುಡಿಯುತ್ತಿದ್ದ ನಮ್ಮ ಅನೇಕ ತುಳು-ಕನ್ನಡಿಗರು ಕೋಪರಖೈರಣೆಯಲ್ಲಿ ಪುಟ್ಟ ಮನೆ ಮಾಡಿಕೊಂಡರು. ‘ರಿಟೈರ್ ಆದ ಮೇಲೆ ಊರಿಗೆ ಹೋಗುವುದೇ’ ಎಂಬುದು ಆಗ ಎಲ್ಲರ ಬಾಯಲ್ಲಿದ್ದ ಮಾತು. ಆ ತಲೆಮಾರಿಗೆ ಈಗ ಎಪ್ಪತ್ತು ದಾಟಿದೆ. ಆದರೆ ತೀರ್ಮಾನ ಮಾತ್ರ ಹಾಗೆಯೇ ಉಳಿದಿದೆ.

ಇದೇ ಪರಿಸರದಲ್ಲಿ ಇತರ ಸಮುದಾಯಗಳ ಸ್ಥಿತಿ ಬೇರೆ. ಗಾಂವಠಾಣದ ಆಗ್ರಿ, ಕೋಳಿ ಹಿರಿಯರಿಗೆ ಇದುವೇ ಹುಟ್ಟೂರು, ನೆಂಟರಿಷ್ಟರು ಪಕ್ಕದಲ್ಲೇ. ಸಾತಾರಾ, ಸಾಂಗ್ಲಿ ಕಡೆಯ ಮಾಥಾಡಿ ಕಾರ್ಮಿಕರಿಗೆ ಊರು ಕೆಲವು ಗಂಟೆಗಳ ಬಸ್ಸಿನ ದಾರಿ. 75 ದಾಟಿದವರಿಗೆ 2022ರ ಆಗಸ್ಟ್‌ನಿಂದ ಎಸ್.ಟಿ. ಪ್ರಯಾಣವೂ ಉಚಿತ. ಆಸ್ಪತ್ರೆ, ಕಚೇರಿಗಳಲ್ಲಿ ಅವರಿಗೆ ಭಾಷೆಯ ತೊಡಕಿಲ್ಲ.

ನಮ್ಮವರದು ಎರಡು ದೋಣಿಗಳಲ್ಲಿ ಕಾಲಿಟ್ಟ ಬದುಕು. 1998ರಲ್ಲಿ ಕೊಂಕಣ ರೈಲು, ಮತ್ಸ್ಯಗಂಧ ಬಂದು ಊರು ಹತ್ತಿರವಾಯಿತು ನಿಜ. ಆದರೆ ಹಿರಿಯರ ರೈಲು ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ಊರಿನ ಮನೆಗೆ ಬೀಗ ಬಿದ್ದಿದೆ ಇಲ್ಲವೇ ಪಾಲಾಗಿದೆ. ಮಕ್ಕಳ ಉದ್ಯೋಗ, ಮೊಮ್ಮಕ್ಕಳ ಶಾಲೆ ಇಲ್ಲಿದೆ. ‘ಹೇಗೂ ಹೋಗುವವರಲ್ಲವೇ’ ಎಂದು ಇಲ್ಲಿನ ಮನೆಯನ್ನು ಮುಪ್ಪಿಗೆ ತಕ್ಕಂತೆ ಸಜ್ಜುಗೊಳಿಸಿದವರು ವಿರಳ. ಕಡಿದಾದ ಮೆಟ್ಟಿಲು, ಜಾರುವ ಬಚ್ಚಲು ಹಾಗೆಯೇ ಇವೆ. ಮನೆಯೊಳಗೇ ಬಾಳಿದ ತಾಯಂದಿರು ಪತಿಯ ಅಗಲಿಕೆಯ ಬಳಿಕ ಬ್ಯಾಂಕಿನ ಫಾರ್ಮಿಗೂ ಪರರನ್ನು ಅವಲಂಬಿಸಬೇಕಾಗಿದೆ.

ಆದ್ದರಿಂದ ಕೈಕಾಲು ಗಟ್ಟಿಯಿರುವಾಗಲೇ ತೀರ್ಮಾನವಾಗಲಿ. ಇಲ್ಲೇ ಇರುವುದಾದರೆ ಬಚ್ಚಲಿಗೆ ಹಿಡಿಕೆ, ಸೊಸೈಟಿಯಲ್ಲಿ ನಾಮಿನೇಷನ್, ಉಯಿಲು ಸಿದ್ಧವಿರಲಿ. ಮನೆಯನ್ನು ಮಕ್ಕಳ ಹೆಸರಿಗೆ ಬರೆಯುವವರು, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಸೇರಿಸಲಿ. ಷರತ್ತು ಮುರಿದರೆ ಅಂಥ ದಾನಪತ್ರವನ್ನು ರದ್ದುಪಡಿಸಲು 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮಿನಲ್ಲಿ ಅವಕಾಶವಿದೆ. 2024ರ ಅಕ್ಟೋಬರ್‌ನಿಂದ 70 ದಾಟಿದ ಎಲ್ಲರಿಗೂ, ಆದಾಯದ ಮಿತಿಯಿಲ್ಲದೆ, ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗಿನ ಚಿಕಿತ್ಸೆಯ ಸೌಲಭ್ಯವಿದೆ. ಊರಿಗೆ ಮರಳುವವರು, ಅಲ್ಲಿನ ಆಸ್ಪತ್ರೆಗಳಲ್ಲಿ ಈ ಕಾರ್ಡು ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಲಿ.

ನಮ್ಮ ಸಂಘ-ಸಂಸ್ಥೆಗಳು ವಾರ್ಷಿಕೋತ್ಸವದಲ್ಲಿ ಹಿರಿಯರಿಗೆ ಶಾಲು ಹೊದೆಸಿ, ಫಲಪುಷ್ಪವಿತ್ತು ಗೌರವಿಸುತ್ತವೆ. ಅದು ಮುಂದುವರಿಯಲಿ. ಅದರ ಜತೆಗೆ ಒಂಟಿ ಹಿರಿಯರ ಪಟ್ಟಿ ಮಾಡಿ, ವಾರಕ್ಕೊಮ್ಮೆ ಅವರ ಮನೆಗೆ ಹೋಗಿ ಬರುವ, ಆಸ್ಪತ್ರೆಗೆ ಜತೆಗೊಡುವ ಜವಾಬ್ದಾರಿಯನ್ನು ಯುವ ವಿಭಾಗ, ಮಹಿಳಾ ವಿಭಾಗಗಳು ವಹಿಸಿಕೊಳ್ಳಲಿ. ಇದಕ್ಕೆ ಸಭಾಗೃಹ ಬೇಡ, ದೇಣಿಗೆಯೂ ಬೇಡ. ವಾರಕ್ಕೆ ಒಂದು ತಾಸು ಸಾಕು.